ಎಂಟೆಸಳಿನ ರಂಗೋಲಿ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಕಸದ ಚೀಲ ಹಿಡಿದು ಬಾಗಿಲು ತೆರೆದ ಅಶ್ವತ್ಥ, ಮುಂದಿಡಲು ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡ. ಹೊಸಿಲಿನಾಚೆ, ಮರದ ನೆಲದ ಮೇಲೆ, ರಂಗೋಲಿ ಇತ್ತು.

ಸಣ್ಣದೇನಲ್ಲ. ನಾಲ್ಕು ಊಟದ ತಟ್ಟೆ ಜೋಡಿಸಿಟ್ಟಷ್ಟು ಅಗಲ. ಬಿಳಿ ಗೆರೆಯ ಎಂಟೆಸಳಿನ ಕಮಲ, ಎಸಳಿನ ಸುತ್ತ ಕೆಮ್ಮಣ್ಣಿನ ಬಣ್ಣದ ಅಂಚು, ನಟ್ಟ ನಡುವೆ ಒಂದು ಚುಕ್ಕಿ. ಒಂದು ವಾರದಿಂದ ಆ ಜಾಗವನ್ನು ಬಿಟ್ಟು ಕದಲದೆ ಬಿದ್ದುಕೊಂಡಿದ್ದ ದಪ್ಪನೆಯ ಕಾಲೊರಸು ಈಗ ಸುರುಳಿ ಸುತ್ತಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಗೋಡೆಗೆ ಒರಗಿ ನಿಂತಿತ್ತು.

"ಅತ್ತೆ ಹಾಕಿಯೇ ಬಿಟ್ರು," ಎಂದು ಅಶ್ವತ್ಥ ಕಸದ ಚೀಲಕ್ಕೆ ಹೇಳಿದ.

ಅತ್ತೆ ರಾಜಲಕ್ಷ್ಮಿ ಬೆಂಗಳೂರಿನಿಂದ ಬಂದು ಮೂರು ದಿನವಾಗಿತ್ತು. ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ರಂಗೋಲಿ ಪುಡಿಯ ಡಬ್ಬಿಯೂ ಬಂದಿತ್ತು. ಹಿಂದಿನ ಸಂಜೆ ಊಟದ ಹೊತ್ತಿಗೆ ಅವರು, "ಮನೆ ಚೆನ್ನಾಗಿದೆ ಅಳಿಯಂದಿರೇ, ಆದ್ರೆ ಬಾಗಿಲು ಮುಂದೆ ಬೋಳು ಬೋಳು. ನಾಳೆ ಎದ್ದ ತಕ್ಷಣ ಒಂದು ಎಳೆ ಹಾಕಿಬಿಡ್ತೀನಿ," ಎಂದಿದ್ದರು. ಆಗಲೇ ತಡೆಯಬೇಕಿತ್ತು. ಆದರೆ ಮದುವೆಯಾಗಿ ಆರು ವರ್ಷವಾದರೂ ಅತ್ತೆಗೆ ಬೇಡ ಎಂದು ಹೇಳುವ ವಿದ್ಯೆ ಅವನಿಗೆ ಒಲಿದಿರಲಿಲ್ಲ. ಮೂರನೆಯ ಸಲ ಅನ್ನ ಬಡಿಸುವಾಗಲೇ ಬೇಡ ಎನ್ನಲಾರದವನು ರಂಗೋಲಿಯನ್ನು ಬೇಡ ಎಂದಾನೆಯೇ?

ಬೇಡ ಎನ್ನಲು ಕಾರಣವಂತೂ ಇತ್ತು. ಗೋಥೆನ್‌ಬರ್ಗಿನ ಹಾಗಾ ಬಡಾವಣೆಯ ಆ ಕಟ್ಟಡಕ್ಕೆ ನೂರಿಪ್ಪತ್ತು ವರ್ಷ. ಕೆಳಗೆ ಕಲ್ಲು, ಮೇಲೆ ಎರಡು ಮರದ ಮಹಡಿ, ಮುಂದೆ ಕಲ್ಲುಹಾಸಿನ ಬೀದಿ, ಎದುರು ತಟ್ಟೆಯಗಲದ ದಾಲ್ಚಿನ್ನಿ ಬನ್ನು ಮಾರುವ ಅಂಗಡಿ. ಒಟ್ಟು ಎಂಟು ಮನೆ. ಚಮಚದಿಂದ ಹಿಡಿದು ಹಾಸಿಗೆಯವರೆಗೆ ಎಲ್ಲ ಕೊಟ್ಟು ಬಾಡಿಗೆಗೆ ಬಿಡುತ್ತಿದ್ದವರು ಗುನಿಲ್ಲಾ ಎಂಬ ಅರವತ್ತು ದಾಟಿದ ಹೆಂಗಸು. ಬಾಗಿಲ ಹಿಡಿಕೆಯನ್ನೂ ಹೆತ್ತ ಮಗುವಿನ ಕೈ ಹಿಡಿದ ಹಾಗೆ ಹಿಡಿಯುವವರು. "ಮೊದಲು ಒಂದು ವಾರ ಇರಿ. ಮನೆಗೂ ನಿಮಗೂ ಹೊಂದಿಕೆಯಾದರೆ ಮೂರು ತಿಂಗಳಿಗೆ ಸಹಿ," ಎಂದಿದ್ದರು. ಅವರು ಕೊಟ್ಟ ನಿಯಮಗಳ ಹಾಳೆಯಲ್ಲಿ ಮೊದಲನೆಯದಕ್ಕೇ ಕೆಂಪು ಗೆರೆ: ನೆಲದ ಮೇಲೆ, ಗೋಡೆಯ ಮೇಲೆ ಏನನ್ನೂ ಬರೆಯುವಂತಿಲ್ಲ.

ಸಹಿ ಇವತ್ತು ಮೂರು ಗಂಟೆಗೆ. ಅಶ್ವತ್ಥ ಕೊಂಡ ಸ್ವಂತ ಮನೆಯ ಬೀಗದ ಕೈ ಸಿಗುವುದು ಆಗಸ್ಟಿನಲ್ಲಿ. ಸಹಿ ಬೀಳದಿದ್ದರೆ ನಾಳೆ ಬೆಳಿಗ್ಗೆ ಆರು ಪೆಟ್ಟಿಗೆ, ಒಂದು ಕುಕ್ಕರು, ಒಬ್ಬ ಹೆಂಡತಿ, ಒಬ್ಬರು ಅತ್ತೆ ಸಮೇತ ಬೀದಿಯಲ್ಲಿ ನಿಲ್ಲಬೇಕು.

ಒದ್ದೆ ಬಟ್ಟೆ ತಂದು ಒರೆಸಿದ. ಕಮಲ ಕದಲಲಿಲ್ಲ. ಬೆರಳಿಂದ ಉಜ್ಜಿದ. ಬೆರಳು ಕೆಂಪಾಯಿತು, ಕಮಲ ಹಾಗೇ ಅರಳಿಕೊಂಡಿತ್ತು. ಅತ್ತೆ ಏಳುವ ಮೊದಲೇ ಆಫೀಸಿಗೆ ಹೋಗಿದ್ದ ಹೆಂಡತಿ ನೀರಜಾಳಿಗೆ ಫೋನ್ ಮಾಡಿದ.

"ನೀರು, ನಿಮ್ಮಮ್ಮ ಬಾಗಿಲು ಮುಂದೆ ರಂಗೋಲಿ ಹಾಕಿದಾರೆ."

"ಹಾಕ್ಲಿ ಬಿಡು. ಒರೆಸಿದ್ರೆ ಹೋಗತ್ತೆ."

"ಹೋಗ್ತಿಲ್ಲ ಕಣೇ."

"ಅಯ್ಯೋ, ಪೇಂಟಲ್ಲಿ ಹಾಕಿದಾರಾ? ರಾಜಾಜಿನಗರದ ಮನೇಲೂ ಹಂಗೇ ಮಾಡಿದ್ರು, ದಿನಾ ಬಗ್ಗಿದ್ರೆ ಸೊಂಟ ನೋವು ಅಂತ. ಏಳು ವರ್ಷ ಮಳೆಗೂ ಜಗ್ಗಲಿಲ್ಲ. ಕೊನೆಗೆ ಓನರು ಆಳು ಕರೆಸಿ ಕೆತ್ತಿಸಿದ್ರು."

"ಕೆತ್ತಿಸಿದ್ರಾ?"

"ನಂಗೆ ಮೀಟಿಂಗ್ ಶುರುವಾಯ್ತು. ಏನಾದ್ರೂ ಮಾಡು. ಅಮ್ಮಂಗೆ ಮಾತ್ರ ಏನೂ ಅನ್ಬೇಡ, ಬೇಜಾರ್ ಮಾಡ್ಕೋತಾರೆ."

ಯಾವ ಪೇಂಟು ಎಂದು ಅತ್ತೆಯನ್ನೇ ಕೇಳೋಣವೆಂದರೆ, ಅವರು ಎಂಟು ಗಂಟೆಗೇ ಗೆಳತಿ ರಮಾ ಜೊತೆ ದೋಣಿಯಲ್ಲಿ ದ್ವೀಪ ನೋಡಲು ಹೋಗಿದ್ದರು. ಕರೆ ಮಾಡಿದ. ಅಡುಗೆಮನೆಯ ಬಾಳೆಹಣ್ಣಿನ ಪಕ್ಕದಲ್ಲಿ ಅವರ ಫೋನು ಸುಪ್ರಭಾತ ಹಾಡಿತು.

ಅಶ್ವತ್ಥ ಪಾತ್ರೆ ಸೋಪು, ಹಸಿರು ನಾರು ಹಿಡಿದು ಮಂಡಿಯೂರಿದ. ಹತ್ತು ನಿಮಿಷ ತಿಕ್ಕುವಷ್ಟರಲ್ಲಿ ಮೆಟ್ಟಿಲ ತಿರುವಿನಿಂದ ದನಿ ಬಂತು.

"ಏನ್ರೀ ಅಶ್ವತ್ಥ, ಸಾಷ್ಟಾಂಗ ಹಾಕೀರಿ? ಯಾವ ದೇವ್ರು ಬಂದಾನ?"

ಕೆಳಗಿನ ಕಲ್ಲಿನ ಮಹಡಿಯ ಬಾಡಿಗೆದಾರ ಲಿಂಗರಾಜ. ಧಾರವಾಡದವನು, ಸ್ವೀಡನ್ನಿಗೆ ಬಂದು ಆರು ವರ್ಷ. ಬೆಂಗಳೂರಿನವರ ಮುಂದೆ ನಯವಾಗಿ ಮಾತಾಡಬೇಕೆಂದು ಶುರು ಮಾಡಿ, ಎರಡನೆಯ ವಾಕ್ಯಕ್ಕೇ ಮರೆಯುತ್ತಿದ್ದ. ಸಲಹೆ ಕೊಡುವುದನ್ನು ಮಾತ್ರ ಯಾವತ್ತೂ ಮರೆತವನಲ್ಲ.

ಅಶ್ವತ್ಥ ವಿಷಯ ಹೇಳಿ, "ಮ್ಯಾಟ್ ಹಾಕಿ ಮುಚ್ಚಿಬಿಡ್ಲಾ?" ಎಂದ.

"ಸತ್ರಿ ನೀವು. ಮ್ಯಾಲಿನ ಮನಿಯವರ ಮ್ಯಾಟ್ ಆ ಗುನಿಲ್ಲಾ ತಪ್ಪದ ಎತ್ತಿ ನೋಡ್ತಾಳ್ರೀ. ಸಹಿಗೆ ಬಂದಾಗ ಮೊದಲನೇ ಕೆಲಸ ಅದ. ನಂದು ಕಲ್ಲಿನ ನೆಲ ಅಂತ ಬಿಟ್ಲು." ಲಿಂಗರಾಜ ಬಗ್ಗಿ ಕಮಲವನ್ನು ವೈದ್ಯನ ಹಾಗೆ ಪರೀಕ್ಷಿಸಿದ. "ಇದು ಸೋಪಿಗೆ ಬಗ್ಗೂದಲ್ಲ. ವಿನೆಗರ್ ಬೇಕು. ತಡೀರಿ, ತರ್ತೀನಿ."

ತರುವ ದಾರಿಯಲ್ಲಿ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೂ ಸುದ್ದಿ ಹಾಕಿ ಬಂದ: 'ಮರಕ್ಕೆ ಅಂಟಿದ ರಂಗೋಲಿ ತೆಗೆಯೋದು ಹೇಗೆ? ಅರ್ಜೆಂಟ್.' ಐದು ನಿಮಿಷಕ್ಕೆ ಇಪ್ಪತ್ತಾರು ಉತ್ತರ. ನಿಂಬೆಹಣ್ಣು ಎಂದವರು ಹನ್ನೊಂದು ಜನ. ತೆಗೆಯಬೇಡಿ, ಅಪಶಕುನ ಎಂದವರು ಆರು. ಪದ್ಮಿನಿ ಎಂಬುವರು, 'ಚುಕ್ಕಿ ಎಷ್ಟು, ಸಾಲು ಎಷ್ಟು?' ಎಂದು ಕೇಳಿದ್ದರು.

ಹನ್ನೊಂದಕ್ಕೆ ಆಫೀಸಿನ ಮೀಟಿಂಗು. ತಪ್ಪಿಸುವಂತಿರಲಿಲ್ಲ. ಲ್ಯಾಪ್‌ಟಾಪನ್ನು ಮೆಟ್ಟಿಲ ಮೇಲಿಟ್ಟು, ಮುಖ ಮಾತ್ರ ಕಾಣುವ ಹಾಗೆ ಕೂತು, ಕೆಳಗೆ ವಿನೆಗರಿನಲ್ಲಿ ತಿಕ್ಕುತ್ತಲೇ ಇದ್ದ.

"ಅಶ್ವತ್ಥ್, ಯಾಕ್ರೀ ಹಿಂದೆ ಮುಂದೆ ತೂಗ್ತಿದೀರಾ?" ಎಂದ ಸಹೋದ್ಯೋಗಿ ಸುಹಾಸ್. "ರೈಲಲ್ಲಿದೀರಾ?"

"ಬೆನ್ನು ನೋವು. ಎಕ್ಸರ್‌ಸೈಜ್," ಎಂದು ಅಶ್ವತ್ಥ ಏದುಸಿರು ಬಿಟ್ಟ.

ಕೆಂಪು ಅಂಚು ಒಂದು ಕಡೆ ಮಸುಕಾಯಿತು. ಅವನಿಗೆ ಜೀವ ಬಂದ ಹಾಗಾಯಿತು. ಮೀಟಿಂಗು ಮುಗಿದು ಲ್ಯಾಪ್‌ಟಾಪು ಮುಚ್ಚುವ ಹೊತ್ತಿಗೆ ಎದುರು ಮನೆಯ ಬಾಗಿಲು ತೆರೆಯಿತು.

ಮೆಟ್ಟಿಲ ಮೇಲೆ ಇನ್ನೊಬ್ಬರಿದ್ದರೆ, ಅವರು ಹೋಗುವವರೆಗೆ ಬಾಗಿಲ ಹಿಂದೆಯೇ ಕಾಯುವುದು ಈ ಊರಿನ ಮರ್ಯಾದೆ. ಎದುರು ಮನೆಯ ಮುದುಕಿ ಬಿರ್ಗಿಟ್ಟಾ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಾಗೆ ಕಾದಿರಬೇಕು. ಕೋಟು, ಟೋಪಿ, ಕೈಚೀಲ ಎಲ್ಲ ಸಿದ್ಧವಾಗಿತ್ತು. ನೆಲದ ಕಡೆ ನೋಡಿದವರೇ ಕೈಯನ್ನು ಬಾಯಿಗೆ ಒತ್ತಿಕೊಂಡರು.

"ನೇಯ್! ನೇಯ್, ನೇಯ್!"

ಬೇಡ ಎನ್ನುತ್ತಿದ್ದಾರೆ ಎಂದು ಅಶ್ವತ್ಥನಿಗೆ ತಿಳಿಯಿತು. ಅಷ್ಟು ಸ್ವೀಡಿಷ್ ಅವನಿಗೂ ಬರುತ್ತಿತ್ತು. "ಸಾರಿ! ತೆಗೀತಾ ಇದೀನಿ! ಪೂರ್ತಿ ತೆಗೀತೀನಿ!" ಎಂದು ಇಂಗ್ಲಿಷಿನಲ್ಲಿ ಕೈಮುಗಿದ. ಕೈಯಲ್ಲಿ ನಾರು ಇತ್ತು. ಬಿರ್ಗಿಟ್ಟಾ ನೆಲ ತೋರಿಸಿ, ನಾರು ತೋರಿಸಿ, ಒಂದೇ ಉಸಿರಿನಲ್ಲಿ ಉದ್ದಕ್ಕೆ ಏನೇನೋ ಹೇಳಿದರು.

"ಏನಂತಾರೆ?" ಎಂದು ಅಶ್ವತ್ಥ ಲಿಂಗರಾಜನನ್ನು ಕೇಳಿದ.

ಲಿಂಗರಾಜನ ಸ್ವೀಡಿಷ್ ಕಾಫಿ ಕುಡಿಯುವಷ್ಟರ ಮಟ್ಟಿಗೆ ಮಾತ್ರ. ಆದರೆ ಗೊತ್ತಿಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಇಂಥಾದ್ದೆಲ್ಲ ಇಲ್ಲಿ ನಡಿಯಂಗಿಲ್ಲ, ಲಗೂನ ತೆಗೀರಿ ಅಂತಾಳ," ಎಂದ.

ಬಾಗಿಲು ಧಡಾರನೆ ಮುಚ್ಚಿತು. ಒಳಗೆ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವುದು ಕೇಳಿಸಿತು. ಆ ಮಾತಿನ ನಡುವೆ ಗುನಿಲ್ಲಾ ಎಂಬ ಹೆಸರು ಮೂರು ಸಲ ಬಂತು. ಎರಡೇ ನಿಮಿಷಕ್ಕೆ ಅಶ್ವತ್ಥನ ಫೋನು ಟಣ್ ಎಂದಿತು: 'ಬಿರ್ಗಿಟ್ಟಾ ಹೇಳಿದರು. ಮೂರಕ್ಕಲ್ಲ, ಈಗಲೇ ಬರುತ್ತಿದ್ದೇನೆ. ಟ್ರಾಮಿನಲ್ಲಿದ್ದೇನೆ.'

"ಟ್ರಾಮಂದ್ರ ಇಪ್ಪತ್ತೈದು ನಿಮಿಷ," ಎಂದ ಲಿಂಗರಾಜ, ತೋಳು ಮಡಿಸುತ್ತ. "ನಿಮ್ಮ ಮನಿಯವರ ನೇಲ್ ಪಾಲಿಶ್ ತೆಗಿಯೂದು ತರ್ರಿ. ನಂಕಡೆ ಸ್ಯಾಂಡ್‌ಪೇಪರ್ ಐತಿ."

ಮುಂದಿನ ಇಪ್ಪತ್ತೈದು ನಿಮಿಷ ಇಬ್ಬರೂ ನೆಲದಿಂದ ತಲೆಯೆತ್ತಲಿಲ್ಲ. ಒಬ್ಬ ಹತ್ತಿಯಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವ ಅದ್ದಿ ಎಸಳಿನ ಮೇಲಿಟ್ಟರೆ, ಇನ್ನೊಬ್ಬ ಸ್ಯಾಂಡ್‌ಪೇಪರಿನಿಂದ ತಿಕ್ಕಿದ. ಮೂಗು ಉರಿಯಿತು, ಮಂಡಿ ಮರಗಟ್ಟಿತು. ಒಂದು ಎಸಳು ಹೋಯಿತು. ಮೂರು ಹೋದವು. ಹೊರಗೆ ಟ್ರಾಮಿನ ಗಂಟೆ ಕೇಳಿದಾಗಲೆಲ್ಲ ಅಶ್ವತ್ಥನ ಕೈ ಇಮ್ಮಡಿ ವೇಗದಲ್ಲಿ ಓಡಿತು. ಎಂಟನೆಯ ಎಸಳೂ ಹೋಗಿ, ನಡುವಿನ ಚುಕ್ಕಿಯೊಂದು ಉಳಿದು, ಅದೂ ಪುಡಿಯಾಗಿ ಹಾರಿತು. ನೆಲ ಆಗತಾನೆ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಬೆಳ್ಳಗೆ ಹೊಳೆಯಿತು.

ಕೆಳಗೆ ಬೀದಿ ಬಾಗಿಲು ತೆರೆದ ಸದ್ದು. ಗುನಿಲ್ಲಾ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದು, ಕೊನೆಯ ಮೆಟ್ಟಿಲ ಮೇಲೆ ಗಕ್ಕನೆ ನಿಂತರು.

"ನೋಡಿ," ಎಂದ ಅಶ್ವತ್ಥ, ಬೆವರೊರೆಸಿಕೊಂಡು, ಗೆದ್ದ ನಗೆಯಲ್ಲಿ. "ಒಂದು ಗೆರೆಯೂ ಇಲ್ಲ. ಪೂರ್ತಿ ಸ್ವಚ್ಛ."

ಗುನಿಲ್ಲಾ ಮೆಲ್ಲಗೆ ಮಂಡಿಯೂರಿ, ಬೆಳ್ಳಗಾದ ಆ ವೃತ್ತದ ಮೇಲೆ ಅಂಗೈ ಇಟ್ಟರು. ಅವರ ಹಿಂದೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಜಲಕ್ಷ್ಮಿ ಮೆಟ್ಟಿಲು ಹತ್ತಿ ಬಂದರು.

"ಗಾಳಿ ಜೋರು ಅಂತ ದೋಣಿಯೋರು ಬೇಗ ವಾಪಸ್ ಕರ್ಕೊಂಡು ಬಂದ್ರು. ಇದೇನು, ಎಲ್ಲಾ ಬಾಗಿಲಲ್ಲೇ..." ಅವರ ಕಣ್ಣು ನೆಲಕ್ಕೆ ಬಿತ್ತು. "ಅಯ್ಯೋ! ಇಲ್ಲಿದ್ದ ಕಮಲ ಎಲ್ಲೋಯ್ತು?"

"ಅಳಿಸಿದೆ ಅತ್ತೆ," ಎಂದ ಅಶ್ವತ್ಥ ಮೆಲ್ಲಗೆ. "ಬೇಜಾರ್ ಮಾಡ್ಕೋಬೇಡಿ. ನೀವು ಹಾಕಿದ್ದು ಚೆನ್ನಾಗೇ ಇತ್ತು, ಆದ್ರೆ ಇಲ್ಲಿ ರೂಲ್ಸು..."

"ನಾನೆಲ್ಲಿ ಹಾಕಿದೆ? ಹಾಕೋಣ ಅಂತ ಬೆಳಿಗ್ಗೆ ಆ ಮ್ಯಾಟ್ ಸುತ್ತಿದೆ. ನೋಡಿದ್ರೆ ಅಡಿಯಲ್ಲಿ ಅಷ್ಟು ಚೆನ್ನಾಗಿರೋದು ಆಗ್ಲೇ ಇತ್ತು! ಈ ದೇಶದೋರೂ ಹಾಕ್ತಾರಲ್ಲ, ಇನ್ನು ನನ್ನದ್ಯಾಕೆ ಅಂತ ಡಬ್ಬಿ ಒಳಗಿಟ್ಟು ಹೋದೆ."

ಲಿಂಗರಾಜ ತನ್ನ ಕೈಯಲ್ಲಿದ್ದ ಸ್ಯಾಂಡ್‌ಪೇಪರನ್ನು ಮೆಲ್ಲಗೆ ಅಶ್ವತ್ಥನ ಕೈಗೆ ದಾಟಿಸಿ ಎರಡು ಮೆಟ್ಟಿಲು ಕೆಳಗಿಳಿದ.

"ಈ ಮನೆ ಕಟ್ಟಿದ ಬಡಗಿಯ ಹೆಂಡತಿ ಬರೆದದ್ದು," ಎಂದರು ಗುನಿಲ್ಲಾ, ನೆಲದಿಂದ ಕಣ್ಣೆತ್ತದೆ, ಇಂಗ್ಲಿಷಿನಲ್ಲಿ. "ಮರದ ಮಹಡಿಯ ಒಂದೊಂದು ಬಾಗಿಲಿಗೂ ಒಂದೊಂದು ಹೂವು. ಸವೆಯಬಾರದೆಂದು ಮ್ಯಾಟು ಹಾಕಿಟ್ಟಿದ್ದೆ. ಆರು ಹೂವಿದ್ದವು. ಬೆಳಿಗ್ಗೆಯವರೆಗೆ ಆರು."

ಅಶ್ವತ್ಥ ಕೈಯಲ್ಲಿದ್ದ ಸ್ಯಾಂಡ್‌ಪೇಪರನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಈ ಹೂವುಗಳ ಅಳತೆ ತೆಗೆದು ನಕ್ಷೆ ಬರೆಯುವವರು ಮುಂದಿನ ವಾರ ಬರುವವರಿದ್ದರು. ಈಗ ಇದರದೊಂದು ನಕ್ಷೆಯೂ ನನ್ನಲ್ಲಿಲ್ಲ."

ರಾಜಲಕ್ಷ್ಮಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದಿದ್ದರೂ ಎದುರಿಗಿದ್ದ ಮುಖ ತಿಳಿಯಿತು. ಒಳಗೆ ಹೋಗಿ ಡಬ್ಬಿ ತಂದರು. "ಅಳ್ಬೇಡಿಮ್ಮ, ಎಂಟೆಸಳಿನ ಕಮಲ ತಾನೆ," ಎನ್ನುತ್ತ ಕೂತು, ಚುಕ್ಕಿಯಿಟ್ಟು, ಗೆರೆ ಎಳೆಯತೊಡಗಿದರು. ಬೆಳಿಗ್ಗೆ ಒಂದೇ ಸಲ ನೋಡಿದ್ದನ್ನು ಎಸಳಿನ ತಿರುವು, ಅಂಚಿನ ಬಳುಕು ಬಿಡದೆ ಬೆರಳ ತುದಿಯಿಂದ ಇಳಿಸಿದರು. ಎದುರು ಬಾಗಿಲು ಸದ್ದಿಲ್ಲದೆ ತೆರೆಯಿತು. ಬಿರ್ಗಿಟ್ಟಾ ಬಗ್ಗಿ ನೋಡಿ, ಹೌದು, ಹೀಗೇ ಇತ್ತು ಎನ್ನುವಂತೆ ತಲೆಯಾಡಿಸಿದರು.

ಗುನಿಲ್ಲಾ ಫೋನು ತೆಗೆದು ನಾಲ್ಕೂ ದಿಕ್ಕಿನಿಂದ ಪಟ ಹಿಡಿದರು. ಕಣ್ಣೊರೆಸಿಕೊಂಡರು. ಉಳಿದ ಐದು ಹೂವಿನ ನಕ್ಷೆಗೂ ಇವರೇ ಕೈ ಹಚ್ಚಬಹುದೇ ಎಂದು ಕೇಳಿ, ಕೈಚೀಲದಿಂದ ಒಪ್ಪಂದದ ಹಾಳೆ ಹೊರತೆಗೆದರು. ಇರುವವರ ಹೆಸರು ಎಂಬಲ್ಲಿ ಮೂರು ಹೆಸರಿದ್ದವು. ಗುನಿಲ್ಲಾ ಪೆನ್ನಿನಿಂದ ಮೊದಲನೆಯದರ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಏನೋ ಹೇಳಿ ಅಶ್ವತ್ಥನ ಕೈಗೆ ಕೊಟ್ಟರು.

"ಏನಂತಾರೆ ಅಳಿಯಂದಿರೇ?"

"ಮೂರು ತಿಂಗಳಿಗೆ ಮನೆ ಕೊಟ್ರು ಅತ್ತೆ. ನಿಮಗೆ, ನೀರಜಾಗೆ."

"ಮತ್ತೆ ನಿಮಗೆ?"

ಅಶ್ವತ್ಥ ಮೆಟ್ಟಿಲ ಕೆಳಗೆ ನೋಡಿದ. ಲಿಂಗರಾಜ ಕತ್ತು ಕೆರೆದುಕೊಂಡ. "ನಂಕಡೆ ಸೋಫಾ ಐತ್ರಿ. ಸ್ವಲ್ಪ ಗಿಡ್ಡ. ಮೊಣಕಾಲು ಮಡಿಚಿದ್ರ ಹಿಡಿಸ್ತೀರಿ."

ರಾಜಲಕ್ಷ್ಮಿ ಕೊನೆಯ ಎಸಳಿನ ಅಂಚು ಮುಗಿಸುತ್ತ, ತಲೆಯೆತ್ತದೆ ಹೇಳಿದರು: "ಅಷ್ಟೇ ತಾನೆ, ಊಟಕ್ಕೆ ಮೇಲೆ ಬನ್ನಿ. ಬೇಡ, ಬರ್ಬೇಡಿ. ನಾನೇ ಕೆಳಗೆ ಕಳಿಸ್ತೀನಿ. ನೀವು ಈ ನೆಲದ ಹತ್ರ ಬರೋದು ಸರಿಯಲ್ಲ."