ಅಮ್ಮನ ಗುರುತ್ವ ಕೇಂದ್ರ

ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಅಮ್ಮ ಇನ್ನೇನು ಹಿಂಡಬೇಕು, ಅಷ್ಟರಲ್ಲಿ ಮಗಳು ಮುರಿದ ಮಂಚದ ಹಲಗೆಯನ್ನು ದರದರ ಎಳೆದುಕೊಂಡು ಬಂದಳು.

"ಅಮ್ಮಾ, ಇದರ ಮೇಲೆ ಮಲಗು. ನಿನ್ನ ಗುರುತ್ವ ಕೇಂದ್ರ ಕಂಡುಹಿಡೀಬೇಕು."

"ಈಗಲೇನೇ? ನೆಲ ಒದ್ದೆ ಕಣೇ."

"ಇವತ್ತೇ ಕೊಡಬೇಕು. ಟೀಚರ್ ಪೆನ್ಸಿಲಿಂದು ಸಾಕು ಅಂದ್ರು. ನಾನೇ ಅಮ್ಮಂದು ತರ್ತೀನಿ ಅಂದೆ."

ಪೆನ್ಸಿಲ್ ಬಿಟ್ಟು ತನ್ನನ್ನು ಆರಿಸಿಕೊಂಡವರು ಒಬ್ಬರಾದರೂ ಇದ್ದಾರಲ್ಲ ಎಂದು ಅಮ್ಮನಿಗೆ ಒಳಗೊಳಗೇ ಖುಷಿ. ಗಂಡ ತೀರಿಕೊಂಡ ಮೇಲೆ ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಬಾಗಿಲು ತಟ್ಟುವವರೆಲ್ಲ ಹರಿದದ್ದೇನಾದರೂ ಹಿಡಿದೇ ಬರುವರು, ಹೊಸ್ತಿಲಲ್ಲೇ ನಿಂತು "ಸಂಜೆಗೆ ಬೇಕು" ಎಂದು ಹೋಗುವರು. ಯಾರಾದರೂ ಕೂತಾರೇನೋ ಎಂದು ಅವಳು ದಿನಾ ಕುರ್ಚಿ ಖಾಲಿ ಮಾಡಿಡುವಳು. ಸಂಜೆಯ ಹೊತ್ತಿಗೆ ಅದರಲ್ಲಿ ಯಾರದೋ ಪ್ಯಾಂಟು ಕಾಲು ಇಳಿಬಿಟ್ಟು ಕೂತಿರುತ್ತಿತ್ತು.

ಮಗಳು ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ತೂಕದ ಯಂತ್ರದ ಮೇಲೂ ಇಟ್ಟಳು.

"ಕಾಲು ಇಟ್ಟಿಗೆ ಕಡೆ, ತಲೆ ಯಂತ್ರದ ಕಡೆ. ನಿನ್ನ ಕೇಂದ್ರ ಇಟ್ಟಿಗೆಯಿಂದ ದೂರ ಇದ್ದಷ್ಟೂ ಯಂತ್ರದ ಮೇಲೆ ಭಾರ ಜಾಸ್ತಿ. ಆ ಭಾರಾನ ಹಲಗೆ ಉದ್ದದಿಂದ ಗುಣಿಸಿ, ನಿನ್ನ ಪೂರ್ತಿ ತೂಕದಿಂದ ಭಾಗಿಸಿದ್ರೆ ಆಯ್ತು. ಹಲಗೆಯ ಭಾರ ಬೇರೆ ಕಳೀತೀನಿ. ಅಲುಗಬೇಡ, ಮತ್ತೆ!"

ಅಮ್ಮ ಕಣ್ಣು ಮುಚ್ಚಿ ಸೌದೆಯ ಹಾಗೆ ಮಲಗಿದಳು. ಮಗಳು ಟೇಪು ಹಿಡಿದು ಕಾಲಿನಿಂದ ತಲೆಯವರೆಗೆ ಅಳೆದಳು.

ನೆಲ ಆರಲೆಂದು ಬಾಗಿಲು ತೆರೆದೇ ಇತ್ತು. ಮಹಡಿ ಮನೆಯಾಕೆ ಇಣುಕಿದಳು. ಸಿಕ್ಕ ಸುದ್ದಿಯನ್ನೆಲ್ಲ ಕಟ್ಟಡಕ್ಕೇ ಸಾರುವ ಆಕೆಗೆ ರೇಡಿಯೋ ಅತ್ತೆ ಎಂದೇ ಹೆಸರು. ಒದ್ದೆ ನೆಲ, ಹಲಗೆಯ ಮೇಲೆ ನೆಟ್ಟಗೆ ಮಲಗಿದ ಹೆಂಗಸು, ಅಳತೆ ತೆಗೆಯುತ್ತಿರುವ ಮಗು.

"ಅಯ್ಯಯ್ಯೋ! ಜಾರಿಬಿದ್ದು ಹೋಗೇಬಿಟ್ಟಳಲ್ರೋ!"

ಕಣ್ಣು ಮಿಟುಕಿಸುವುದರೊಳಗೆ ಕೋಣೆ ತುಂಬಿತು. ನಿವೃತ್ತ ಬಸ್ ಕಂಡಕ್ಟರ್ ಬಾಗಿಲಲ್ಲಿ ನಿಂತು, "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಎಲ್ಲರನ್ನೂ ತಳ್ಳಿದರು.

ಮಗಳು ಬಾಯಿ ತೆರೆದಳು. "ಅಳಬೇಡ ಕಂದಾ" ಎಂದು ರೇಡಿಯೋ ಅತ್ತೆ ಅವಳ ಮುಖವನ್ನು ಎದೆಗೊತ್ತಿಕೊಂಡಳು.

"ಎಂಥ ಕೈ ಇತ್ತು ಆಕೇದು! ಹೊಲಿದದ್ದು ಯಾವತ್ತೂ ಬಿಚ್ಚಿಲ್ಲ," ಎಂದರು ಕಂಡಕ್ಟರ್.

"ನನಗಂತೂ ಸ್ವಂತ ತಂಗಿ ಇದ್ದ ಹಾಗೆ. ದಿನಾ ಬಂದು ಮಾತಾಡಿಸಬೇಕು ಅಂದ್ಕೊಳ್ತಿದ್ದೆ ಕಣ್ರೀ," ಎಂದಳು ಅತ್ತೆ.

ಕುರ್ಚಿ ಕಿರ್ರೆಂದಿತು. ಯಾರೋ ಕೂತರು! ಅಮ್ಮನ ಮುಚ್ಚಿದ ಕಣ್ಣೊಳಗೆ ನೀರು ಬಂತು. ಏಳಬೇಕು ನಿಜ. ಆದರೆ ಅಲುಗಿದರೆ ಲೆಕ್ಕ ಕೆಡುತ್ತದಲ್ಲ, ಪಾಪ, ಮಗಳದು.

"ಅಲ್ಲಾ, ನನ್ನ ಹಸಿರು ರವಿಕೆ ಹೊಲಿದಿಟ್ಟಿದ್ದಾಳಾ ಅಂತ?" ಮೂಲೆಯಿಂದ ಒಂದು ಮೆಲುದನಿ.

"ಕಣ್ಣಂಚಲ್ಲಿ ನೀರು! ಜೀವ ಇದೆ!" ಕಂಡಕ್ಟರ್ ಬಕೆಟ್ಟು ಎತ್ತಿ ನೆಲ ಒರೆಸಿದ ನೀರನ್ನೆಲ್ಲ ಮುಖಕ್ಕೆ ಸುರಿದರು.

ಅಮ್ಮ ಚೀರಿ ಎದ್ದು ಕೂತಳು. "ಇದು ಮಗಳ ಸ್ಕೂಲಿನ ಪ್ರಯೋಗ... ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ನಾಚಿಕೆ ಆಗಲ್ವಾ? ಒಲೆ ಮೇಲೆ ಹಾಲು ಬಿಟ್ಟು ಓಡಿ ಬಂದಿದೀನಿ!" ಎಂದಳು ಅತ್ತೆ. ಸಾಯದೇ ಇದ್ದದ್ದಕ್ಕೆ ಒಬ್ಬೊಬ್ಬರೂ ಒಂದೊಂದು ಮಾತು ಅಂದು ಹೊರಟರು. ರವಿಕೆಯಾಕೆ ಮಾತ್ರ ಹೊಸ್ತಿಲಲ್ಲಿ ತಿರುಗಿ, "ಸಂಜೆಗೆ ಬೇಕು" ಎಂದಳು.

ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಲೆಕ್ಕಾನೂ ಹಾಳಾಯ್ತಲ್ಲೇ."

"ಇಲ್ಲಮ್ಮ, ಸಿಕ್ಕಿದೆ. ಹೊಕ್ಕುಳಿಗಿಂತ ಒಂಚೂರು ಕೆಳಗೆ."

ಮಗಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಳಿಯೇಬಿಟ್ಟಳು:

"ಅತ್ತೆ ಕಿರುಚೋ ಹೊತ್ತಿಗೇ ಎಲ್ಲ ಮುಗಿದಿತ್ತು. ಎಲ್ಲರೂ ಓಡಿ ಬರೋ ಸದ್ದು ಕೇಳಿದಾಗಲೇ 'ಆಯ್ತು, ಏಳು' ಅಂತ ನಿನ್ನ ಕಿವೀಲೇ ಹೇಳ್ದೆ. ನೀನು 'ಹೂಂ' ಅಂತ ನನ್ನ ಕೈ ಅದುಮಿದೆ. ಮತ್ತೆ ಯಾಕಮ್ಮಾ ಏಳಲೇ ಇಲ್ಲ?"