ಅಕ್ಕನ ಸೀಗೆಪುಡಿಯ ವಿಶೇಷ

ಹರಿಹರಪುರದ ಅಕ್ಕನ ಮನೆಯ ಜಗಲಿಯಲ್ಲಿ ಆ ಭಾನುವಾರ ನಾವು ನಾಲ್ಕು ಜನ ಕೂತಿದ್ದೆವು. ಮೊರದ ತುಂಬ ಸೀಗೆಕಾಯಿ ಹರಡಿಕೊಂಡು ಬೀಜ ಬೇರೆ ಮಾಡುತ್ತಿದ್ದ ನನ್ನ ಅಕ್ಕ ಸಾವಿತ್ರಿ, ಅವಳಿಗೆ ಕೈ ಜೋಡಿಸಿದ್ದ ನನ್ನ ಹೆಂಡತಿ ವಿಮಲ, ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ನಾಗೇಂದ್ರ, ಮತ್ತು ಯಾರಿಗೂ ಕೈ ಜೋಡಿಸದೆ ಕಾಫಿ ಕುಡಿಯುತ್ತಿದ್ದ ನಾನು. ನಾಗೇಂದ್ರ ಲೋಟ ಕೆಳಗಿಟ್ಟು, ಎಲ್ಲ ಸರಿ, ಆದರೆ ಈ ಪುಡಿಗೆ ಒಂದು ಯುಎಸ್‌ಪಿ ಬೇಕು ಎಂದ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿದ್ದ ಕಾಲ ಅದು. ನಮ್ಮ ಕಡೆ ಕಂಪ್ಯೂಟರ್ ಮುಟ್ಟದವರಿಗೂ ಬ್ಯಾಟರಿಯ ಯುಪಿಎಸ್ ಗೊತ್ತಿತ್ತು; ಅಕ್ಕನಿಗೆ ಕೇಳಿಸಿದ್ದೂ ಅದೇ. ಅಕ್ಕ ಮೊರದಿಂದ ತಲೆ ಎತ್ತದೆ, "ಸೀಗೆಪುಡಿಗೆ ಬ್ಯಾಟ್ರಿ ಎಂತಕ್ಕೆ?" ಎಂದು ಕೇಳಿದಳು.

ನಾಗೇಂದ್ರ ತಾಳ್ಮೆಯ ಮನುಷ್ಯ. ಇಂಟರ್ನೆಟ್ಟಿನಲ್ಲಿ ಸೀಗೆಪುಡಿ ಮಾರುವವರು ಬೇಕಾದಷ್ಟು ಜನ ಇರುತ್ತಾರೆ, ಕೊಳ್ಳುವವರು ನಿಮ್ಮದನ್ನೇ ಯಾಕೆ ಕೊಳ್ಳಬೇಕು, ಬೇರೆ ಯಾರಲ್ಲೂ ಇಲ್ಲದ್ದು ನಿಮ್ಮಲ್ಲಿ ಏನಿದೆ, ಅದನ್ನು ಒಂದೇ ಮಾತಿನಲ್ಲಿ ಹೇಳಬೇಕು ಎಂದು ವಿವರಿಸಿದ. ಕೊನೆಗೆ ಕನ್ನಡದಲ್ಲಿ, "ಅಂದ್ರೆ ಎಂತ ವಿಶೇಷ ಅಂತ" ಎಂದುಬಿಟ್ಟ. ಅವನು ಆ ಪದ ಬಳಸಬಾರದಿತ್ತು. ನಮ್ಮ ಕಡೆ ಬಸ್ಸಿನಲ್ಲಿ ಸಿಕ್ಕವರು, ಸಂತೆಯಲ್ಲಿ ಎದುರಾದವರು ಎಲ್ಲರೂ ಕೇಳುವುದು "ಎಂತ ವಿಶೇಷ?" ಎಂದೇ. ಅದಕ್ಕೆ ಇರುವುದು ಒಂದೇ ಉತ್ತರ. ಮನೆ ಮೇಲೆ ಮರ ಬಿದ್ದಿದ್ದರೂ ಮೊದಲು "ಎಂತದೂ ಇಲ್ಲ" ಎಂದು ಹೇಳಿ, ಆಮೇಲೆ ಮರದ ವಿಷಯಕ್ಕೆ ಬರುತ್ತೇವೆ. ಇನ್ನು ಹೊಸದಾಗಿ ಮದುವೆಯಾದವರನ್ನು ದನಿ ತಗ್ಗಿಸಿ "ವಿಶೇಷ ಉಂಟಾ?" ಎಂದು ಕೇಳಿದರೆ ಅದರ ಅರ್ಥವೇ ಬೇರೆ. ಐವತ್ತೆಂಟು ವರ್ಷದ ಅಕ್ಕ ಒಂದು ಕ್ಷಣ ಅವನ ಮುಖ ನೋಡಿದಳು. ಅವನು ಕೇಳಿದ್ದು ಪುಡಿಯ ವಿಷಯ ಎಂದು ಖಚಿತವಾದ ಮೇಲೆ, "ವಿಶೇಷ ಎಂತದೂ ಇಲ್ಲ ಮಾರಾಯ. ಕಣ್ಣಿಗೆ ಹೋದ್ರೆ ಉರಿಯತ್ತೆ, ಅಷ್ಟೆ" ಎಂದಳು.

ಇಂಟರ್ನೆಟ್ಟಿನ ಉಸಾಬರಿ ಬಂದದ್ದಾದರೂ ಯಾಕೆ ಎಂದು ಹೇಳಬೇಕು. ಹನ್ನೆರಡು ವರ್ಷದಿಂದ ಅಕ್ಕನ ಪುಡಿ ತೆಗೆದುಕೊಳ್ಳುತ್ತಿದ್ದ ಶೃಂಗೇರಿಯ ಅಂಗಡಿಯವರು, ಈಗೆಲ್ಲ ಜನ ಶಾಂಪೂ ಪೊಟ್ಟಣವನ್ನೇ ಕೇಳುತ್ತಾರೆ, ಇನ್ನು ಬೇಡ ಎಂದು ನಯವಾಗಿ ಹೇಳಿದ್ದರು. ಅಕ್ಕ ಯಾರ ಹತ್ತಿರವೂ ಗೊಣಗಲಿಲ್ಲ. ದೀಪಾವಳಿವರೆಗೆ ನೋಡುತ್ತೇನೆ, ಯಾರೂ ಕೇಳದಿದ್ದರೆ ಸಾಕು ಮಾಡುತ್ತೇನೆ ಎಂದು ವಿಮಲನ ಹತ್ತಿರ ಹೇಳಿದ್ದಳಂತೆ, ಅಷ್ಟೇ. ಭಾವ ತೀರಿಕೊಂಡ ಮೇಲೆ ಬೆಳಗ್ಗೆ ಎದ್ದು ಮಾಡಲಿಕ್ಕೆ ತನ್ನದು ಎಂದು ಅವಳಿಗಿದ್ದ ಕೆಲಸ ಇದೊಂದೇ. ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿ ತೆರೆಸೋಣ ಎಂದು ನಾಗೇಂದ್ರನನ್ನು ಕೊಪ್ಪದಿಂದ ಕರೆದುಕೊಂಡು ಹೋಗಿದ್ದು ಅದಕ್ಕೇ.

ವಿಶೇಷವನ್ನು ಬರೆಯುವ ಹೊಣೆ ನಾನೇ ಹೊತ್ತುಕೊಂಡೆ. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಆದರೂ ನೆಂಟರಿಷ್ಟರ ಮದುವೆ ಕಾಗದಗಳ ಒಕ್ಕಣೆ, ನಿವೃತ್ತರಾಗುವವರ ಬಿನ್ನವತ್ತಳೆ ಎಲ್ಲ ನನ್ನ ಕೈಯದೇ ಆದ್ದರಿಂದ ನಾನು ಬರಹಗಾರ ಎಂದು ಒಬ್ಬರಿಗಾದರೂ, ಅಂದರೆ ನನಗೆ, ನಂಬಿಕೆಯಿತ್ತು. ನಾಲ್ಕು ದಿನ ಕೂತು ಬರೆದೆ: "ಸಹ್ಯಾದ್ರಿಯ ಮಡಿಲಿನಿಂದ ನಿಮ್ಮ ಮುಡಿಗೆ." ನಾಗೇಂದ್ರ, ಸಾಲು ಚೆನ್ನಾಗಿದೆ ಸಾರ್, ಆದರೆ ಇದರಲ್ಲಿ ವಿಶೇಷ ಎಲ್ಲಿದೆ ಎಂದ. ಆಗ ನನಗೆ ಅಕ್ಕನ ಮಾತು ನೆನಪಾಯಿತು. ಸೀಗೆಪುಡಿಯೆಂದರೆ ಜನ ಹೆದರುವುದೇ ಕಣ್ಣುರಿಗೆ. ಹಾಗಾಗಿ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಕಣ್ಣು ಉರಿಯದ ಏಕೈಕ ಸೀಗೆಪುಡಿ." ಬರೆಯುವಾಗ ಅದು ಸುಳ್ಳು ಅನ್ನಿಸಲೇ ಇಲ್ಲ. ಮದುವೆ ಕಾಗದದಲ್ಲಿ ಎಲ್ಲ ವರರನ್ನೂ ಸದ್ಗುಣಸಂಪನ್ನರೆಂದು ಬರೆದು ಬರೆದು ಕೈ ಪಳಗಿತ್ತು. ಕೆಲವು ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಬರೀ ಚೌಕ ಚೌಕವಾಗಿ ಕಾಣುತ್ತದೆಂದು ನಾಗೇಂದ್ರ ನನ್ನ ಸಾಲುಗಳನ್ನು ಚಿತ್ರ ಮಾಡಿ ವೆಬ್‌ಸೈಟಿನಲ್ಲಿ ಅಂಟಿಸಿದ. ಪಕ್ಕದಲ್ಲಿ ಮನೆಯವರ ಫೋಟೋ ಇದ್ದರೆ ನಂಬಿಕೆ ಬರುತ್ತದೆ ಎಂದು ನನ್ನತ್ತ ಕ್ಯಾಮೆರಾ ತಿರುಗಿಸಿದಾಗ ಮಾತ್ರ ವಿಮಲ ತಡೆದಳು. "ಇವರ ತಲೆ ನೋಡಿದ ಮೇಲೆ ಯಾರಾದ್ರೂ ಸೀಗೆಪುಡಿ ತಗೊಳ್ತಾರಾ?" ನನ್ನ ತಲೆಯಲ್ಲಿ ಆಗ ಕಿವಿಯ ಮೇಲೆ ಎರಡು ಸಾಲು ಕೂದಲಿತ್ತು. ಈಗ ಅದೂ ಇಲ್ಲ.

ಮೊದಲ ಆರ್ಡರು ಮೈಸೂರಿನ ಒಬ್ಬ ಹೆಂಗಸಿನದು. ಅಕ್ಕ ಪೊಟ್ಟಣಕ್ಕೆ ಎರಡು ಸುತ್ತು ದಾರ ಹೆಚ್ಚಿಗೇ ಸುತ್ತಿದಳು, ತಲುಪಿದ ಮೇಲೆ ದುಡ್ಡು ಕೊಡುವ ವಿಪಿಪಿ ಅಂಚೆಯಲ್ಲಿ ಕಳಿಸಿದೆವು. ಹತ್ತು ದಿನಕ್ಕೆ ಅವರ ಇಮೇಲ್ ಬಂತು. ಪುಡಿ ಚೆನ್ನಾಗಿದೆ, ಆದರೆ ಕಣ್ಣು ಉರಿಯುವುದಿಲ್ಲ ಎಂದು ನಂಬಿ ತನ್ನ ಮಗಳು ಕಣ್ಣು ಬಿಟ್ಟುಕೊಂಡೇ ಕೂತಿದ್ದಳು, ಆಮೇಲೆ ಅರ್ಧ ದಿನ ಅತ್ತಳು, ಹೀಗೆ ಬರೆಯಬಾರದಿತ್ತು ಎಂದಿದ್ದರು. ನಾಗೇಂದ್ರ ಅದನ್ನೂ ನನ್ನ ಒಕ್ಕಣೆಯನ್ನೂ ಪ್ರಿಂಟ್ ತೆಗೆದು ಕೊಟ್ಟ. ಅಕ್ಕ ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದಳು. ಬಯ್ದಿದ್ದರೆ ಚೆನ್ನಾಗಿತ್ತು. ಹಾಳೆ ಮಡಚಿ ಮೊರದ ಕೆಳಗಿಟ್ಟು, "ನಿನ್ನ ತಲೆಗೂ ನಾನೇ ಪುಡಿ ಹಾಕಿದ್ದಲ್ವನಾ? ಕಣ್ಣು ಮುಚ್ಚು ಅಂತ ಹೇಳದೆ ಒಂದು ದಿನ ಹಾಕಿದ್ದುಂಟಾ?" ಎಂದು ಕೇಳಿದಳು.

ಅವಳು ಮೈಸೂರಿನ ಹೆಂಗಸಿಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ತಾನೇ ಕ್ಷಮೆ ಕೇಳಿ ಬರೆದಳು. ನಾಗೇಂದ್ರನಿಗೂ ಒಂದು ಚೀಟಿ ಬರೆದು, ಇದನ್ನು ಹಾಕದಿದ್ದರೆ ಅಂಗಡಿಯೇ ಬೇಡ ಎಂದು ಹೇಳಿ ಕಳಿಸಿದಳು. ಚೀಟಿಯಲ್ಲಿ ಇದ್ದದ್ದು ಇಷ್ಟು: "ವಿಶೇಷ ಏನೂ ಇಲ್ಲ. ಸೀಗೆಕಾಯಿ, ಅಂಟುವಾಳ, ಮೆಂತ್ಯ, ದಾಸವಾಳದ ಎಲೆ. ಕಣ್ಣಿಗೆ ಹೋದರೆ ಉರಿಯುತ್ತದೆ. ಹಾಕುವ ಮೊದಲು ಕಣ್ಣು ಮುಚ್ಚು ಎಂದು ಹೇಳಿ."

ಇದನ್ನು ಓದಿ ಯಾರು ಕೊಳ್ಳುತ್ತಾರೆ ಎಂದು ನಾನೂ ನಾಗೇಂದ್ರನೂ ತಲೆ ಮೇಲೆ ಕೈ ಹೊತ್ತೆವು. ಆದರೆ ಒಂದೊಂದೇ ಪತ್ರ ಬರತೊಡಗಿತು. ಯಾರೂ ಕೂದಲಿನ ವಿಷಯ ಬರೆಯುತ್ತಿರಲಿಲ್ಲ. ನಮ್ಮಜ್ಜಿಯೂ ಹೀಗೇ ಹೇಳುತ್ತಿದ್ದರು, ನಮ್ಮ ದೊಡ್ಡಮ್ಮ ಹೇಳುವ ಮೊದಲೇ ನೀರು ಹೊಯ್ಯುತ್ತಿದ್ದರು ಎಂದೆಲ್ಲ ಬರೆದು, ಕೊನೆಗೆ ಎರಡು ಪೊಟ್ಟಣ ಕಳಿಸಿ ಎನ್ನುತ್ತಿದ್ದರು. ಮೈಸೂರಿನ ಹೆಂಗಸೂ ಇನ್ನೊಮ್ಮೆ ತರಿಸಿಕೊಂಡರು. ದೀಪಾವಳಿ ಹತ್ತಿರ ಬರುವ ಹೊತ್ತಿಗೆ, ತಿಂಗಳಿಗೊಮ್ಮೆ ಸೀಗೆ ಬೀಸಿಕೊಡುತ್ತಿದ್ದ ಗಿರಣಿಯವನು ವಾರಕ್ಕೆ ಎರಡು ಸಲ ಬೀಸಬೇಕಾಯಿತು. ಅಕ್ಕಿ ಹಿಟ್ಟಿಗೆ ಬಂದವರೆಲ್ಲ ಸೀನಿ ಸೀನಿ ತನ್ನ ಗಿರಾಕಿಗಳು ಕಡಿಮೆಯಾದರು ಎಂದು ಅವನು ದೂರಿದ. ಅಕ್ಕ ಸಾಕು ಮಾಡುವ ಮಾತನ್ನು ಮತ್ತೆ ಆಡಲಿಲ್ಲ. ನಾನು ಮಾತ್ರ ಕಚೇರಿಯಲ್ಲಿ, ಇದರ ಹಿಂದಿನ ತಲೆ ನನ್ನದೇ ಎಂದು ಹೇಳಿಕೊಂಡು ತಿರುಗಿದೆ.

ಆ ವರ್ಷ ದೀಪಾವಳಿಗೆ ಅಕ್ಕನ ಮನೆಗೇ ಹೋಗಿದ್ದೆವು. ಬೆಳಗ್ಗೆ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿನಲ್ಲಿ ಕೂತೆ. ಕೂದಲು ಇದ್ದದ್ದು ಎರಡೇ ಸಾಲಾದರೂ ಶಾಸ್ತ್ರ ಬಿಡಬಾರದೆಂದು ಅಕ್ಕ ಸೀಗೆಪುಡಿ ಕಲಸಿಕೊಂಡು ಬಂದಳು. ಚಿಕ್ಕಂದಿನ ಅಭ್ಯಾಸ, ಅವಳು ಹೇಳಿದ ಮೇಲೇ ಕಣ್ಣು ಮುಚ್ಚುವುದು ಎಂದು ಕಾಯುತ್ತಿದ್ದೆ. ಅವಳು ಹೇಳಲಿಲ್ಲ. ಪುಡಿ ಹಾಕಿ ತಿಕ್ಕಿದವಳೇ ಒಂದು ಚೊಂಬು ನೀರು ಹೊಯ್ದಳು. ನಾನು ಕೂಗಿಕೊಂಡೆ.

"ಉರಿಯಲ್ಲ ಅಂತ ನೀನೇ ಬರೆದಿದ್ಯಲ್ಲ ಮಾರಾಯ" ಎಂದು ಹೇಳಿ ಅಕ್ಕ ಎರಡನೇ ಚೊಂಬು ಹೊಯ್ದಳು.