ಉಕ್ಕಿನ ಪಕ್ಷಪಾತಿ

ಯಾವ ವಿಷಯದಲ್ಲೂ ಅಭಿಪ್ರಾಯವಿಲ್ಲದೆ ಇರುವುದು ನಮ್ಮ ಧಾರವಾಡದವರಿಗೆ ಕಷ್ಟ. ಆ ವಿಷಯ ಗೊತ್ತಿಲ್ಲದಿದ್ದರಂತೂ ಇನ್ನೂ ಕಷ್ಟ. ಸಮುದ್ರದೊಳಗೆ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರು ಉಕ್ಕಿನದಿರಬೇಕೋ ಅಲ್ಯುಮಿನಿಯಮ್ಮಿನದೋ ಎಂದು ನಾನು ಹದಿನೈದು ದಿನ ಅಧ್ಯಯನ ಮಾಡಿದೆ. ಕಾರಣ ವಿದ್ಯಾಪ್ರೇಮವಲ್ಲ, ಭಯ. ಐವತ್ತೈದನೆಯ ವಯಸ್ಸಿಗೆ ಈಜು ಕಲಿತ ನಮ್ಮಾಕೆ ಸುನಂದಾ, ಈಜಿನ ಗೆಳತಿಯರೊಡನೆ ಮುರ್ಡೇಶ್ವರಕ್ಕೆ ಹೋಗಿ ಸಮುದ್ರದ ತಳ ನೋಡುವುದೆಂದು ಗೊತ್ತುಮಾಡಿದಳು. ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಆ ಐವರೆದುರು ನಾನೂ ಇಳಿಯುತ್ತೇನೆ ಎಂದುಬಿಟ್ಟೆ. ಈಜು ಬಾರದವನನ್ನು ಯಾರೂ ಇಳಿಸಲಾರರೆಂಬ ಧೈರ್ಯದ ಮೇಲೆ. ಅಂಥವರನ್ನೂ ಕೈಹಿಡಿದು ಇಳಿಸುತ್ತಾರೆಂಬುದು ಆಮೇಲೆ ತಿಳಿಯಿತು.

ಇನ್ನು ಮರ್ಯಾದೆಯಿಂದ ಪಾರಾಗಲು ಒಂದು ತಾತ್ವಿಕ ಆಕ್ಷೇಪಣೆ ಬೇಕಿತ್ತು. ಬಾಡಿಗೆಗೆ ಸಿಗುವವು ಹೆಚ್ಚಾಗಿ ಅಲ್ಯುಮಿನಿಯಮ್ಮಿನವು ಎಂದು ಫೋನಿನಲ್ಲಿ ಓದಿದವನೇ ಉಕ್ಕಿನ ಪಕ್ಷ ಸೇರಿದೆ. ಅಲ್ಯುಮಿನಿಯಮ್ಮಿಗೆ ತುಕ್ಕಿನ ಕಾಟವಿಲ್ಲ, ಒಪ್ಪಿದೆ. ಆದರೆ ಮೆತ್ತನೆಯ ಲೋಹ. ಗಾಳಿ ಮುಗಿಯುತ್ತ ಬಂದಂತೆ ತೇಲತೊಡಗುತ್ತದೆ, ಅದನ್ನು ಕೆಳಗಿಡಲು ಸೊಂಟಕ್ಕೆ ಸೀಸ ಕಟ್ಟಿಕೊಳ್ಳಬೇಕು. ಉಕ್ಕು ಹಾಗಲ್ಲ, ಖಾಲಿಯಾದರೂ ನೀರಿನಲ್ಲಿ ಗಾಂಭೀರ್ಯ ಬಿಡುವುದಿಲ್ಲ. ಇದನ್ನು ದಿನಾ ಊಟದ ಹೊತ್ತಿಗೆ ವಿವರಿಸಿದೆ. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಅಲ್ಯುಮಿನಿಯಮ್ ಬೋಗುಣಿಯೊಂದನ್ನು ಬೆರಳಗೆಣ್ಣಿನಿಂದ ಬಡಿದು, ಇಂಥದ್ದನ್ನು ನಂಬಿ ಇಳಿಯುತ್ತೀಯೇನು ಎಂದು ಕೇಳಿದೆ.

"ಅದರಾಗ ನಾ ಹಾಲು ಕಾಸಾಕಿ. ಸುಮ್ನಿರ್ರಿ," ಎಂದಳು.

ಮುರ್ಡೇಶ್ವರದಲ್ಲಿ ದೋಣಿ ಹತ್ತಿದವನೇ ಸಾಲಾಗಿ ನಿಲ್ಲಿಸಿದ್ದ ಸಿಲಿಂಡರುಗಳನ್ನೂ ಬಡಿದು ನೋಡಿದೆ, ಕೇಳಿಯೂ ನೋಡಿದೆ. ಎಲ್ಲವೂ ಅಲ್ಯುಮಿನಿಯಮ್. ಮನಸ್ಸು ಹಗುರಾಯಿತು. ಉಕ್ಕಿನದಿದ್ದರೆ ಖಂಡಿತ ಇಳಿಯುತ್ತಿದ್ದೆ, ಏನು ಮಾಡುವುದು ಎಂದು ನೀರಿಗಿಳಿಸುವ ತರಬೇತುದಾರನಿಗೆ ವಿಷಾದದಿಂದ ತಿಳಿಸಿದೆ. ಆತ ನನ್ನನ್ನು ಗೌರವದಿಂದ ನೋಡಿದ.

"ಇಷ್ಟು ತಿಳ್ಕೊಂಡು ಬರುವವರೇ ಇಲ್ಲ ಸರ್. ಒಳಗೆ ನನ್ನ ಸ್ವಂತದ್ದೊಂದು ಸ್ಟೀಲಿಂದು ಉಂಟು. ನಿಮಗೇ ಕಟ್ತೇನೆ."

ಗೆಳತಿಯರು ಚಪ್ಪಾಳೆ ತಟ್ಟಿದರು. ಖಾಲಿಯಾದರೂ ಮೇಲೆ ತೇಲದಿರುವುದು ಸದ್ಗುಣವೆಂದು ಹದಿನೈದು ದಿನ ವಾದಿಸಿದ್ದೆ. ಆ ಸದ್ಗುಣವನ್ನು ಬೆನ್ನಿಗೆ ಕಟ್ಟಿಕೊಂಡು ದೋಣಿಯಂಚಿನಲ್ಲಿ ಕೂತಾಗ, ಅಲ್ಯುಮಿನಿಯಮ್ಮಿನ ಬಗ್ಗೆ ಅಷ್ಟು ಕಟುವಾಗಿ ಮಾತಾಡಬಾರದಿತ್ತು ಎನಿಸಿತು. ಸುನಂದಾಳ ಕಿವಿಯಲ್ಲಿ ಹಾಗಂತ ಹೇಳಿದೆ ಕೂಡ.

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಂಜಿಕಿ ಆಗ್ತದ ಅಂತ ಮೊದಲ ಹೇಳಿದ್ರ ಮನ್ಯಾಗ ಬಿಟ್ಟು ಬರ್ತಿದ್ನೆಲ್ಲ. ಈಗ ನಡೀರಿ."

ಇಳಿದೆವು. ಕೆಳಗೆ ಹಳದಿ ಪಟ್ಟೆಯ ಮೀನುಗಳು ಬಹಳ ಇದ್ದವಂತೆ. ಕಣ್ಣು ತೆರೆದಿದ್ದ ಸುನಂದಾ ಹೇಳಿದಳು.